ಸರಿ ತಿನ್ನಿಸುವ ದಿನ

“ಇವತ್ತು ಬೇಡ ಅತ್ತೆ, ಮೂಗು ಕಟ್ಟಿದಂಗೈತೆ” ಎಂದು ಮಾನಸಾ ಮಗುವನ್ನು ಎತ್ತಿ ಹೆಗಲಿಗೆ ಹಾಕಿಕೊಂಡಳು. ಮಗುವಿನ ಮೂಗೇನೂ ಕಟ್ಟಿರಲಿಲ್ಲ. ಅದು ಅಜ್ಜಿಯ ಕೈಯಲ್ಲಿದ್ದ ಬೆಳ್ಳಿ ಬಟ್ಟಲನ್ನೇ ನೋಡುತ್ತಾ ಬಾಯಿ ಚಪ್ಪರಿಸುತ್ತಿತ್ತು.

ಸುಲೋಚನಮ್ಮ ಬಟ್ಟಲನ್ನು ಮಣೆಯ ಮೇಲಿಟ್ಟರು. ರಾಗಿ ಸರಿ ಕಾಯಿಸುವುದು, ಅದು ಆರಿ ಕೆನೆಗಟ್ಟುವುದು, ಕೊನೆಗೆ ತಾವೇ ಕುಡಿಯುವುದು, ಹೀಗೆ ಮೂರು ದಿನವಾಗಿತ್ತು. ಮೊನ್ನೆ ಸೊಸೆ ರಾಹುಕಾಲ ಎಂದಿದ್ದಳು. ನಿನ್ನೆ ಸರಿ ಗಂಟಾಗಿದೆ ಎಂದಿದ್ದಳು. ಪಾಳ್ಯದ ಹತ್ತಿರದ ಅಂಗನವಾಡಿಯಲ್ಲಿ ಟೀಚರಾಗಿ, ಊರಿನ ತಾಯಂದಿರಿಗೆಲ್ಲ ರಾಹುಕಾಲ ಗುಳಿಕಕಾಲ ನೋಡುತ್ತಾ ಕೂರಬೇಡಿ ಎಂದು ಗದರುವವಳು ಇವಳೇ.

ಹಾಗೆ ನೋಡಿದರೆ ಅವಸರವೆಲ್ಲ ಅತ್ತೆಯದೇ ಆಗಿತ್ತು. ಮಗುವಿಗೆ ನಾಲ್ಕು ತಿಂಗಳು ತುಂಬುತ್ತಿದ್ದಂತೆಯೇ ವರಾತ ಶುರು ಮಾಡಿದ್ದರು. “ಅದು ನಿನ್ ತಟ್ಟೆ ನೋಡ್ತೈತೆ ಕಣವ್ವ, ಹಸ್ಕೊಂಡೈತೆ. ಹೆಣ್ಮಗೀಗೆ ಬೆಸ ತಿಂಗ್ಳಲ್ಲೇ ಹಾಕ್ಬೇಕು. ಐದ್ರಲ್ಲಿ ಸುರು ಮಾಡಾನ.” ಸೊಸೆ ಮಾತ್ರ ಆರು ತುಂಬುವ ತನಕ ಒಂದು ತೊಟ್ಟು ನೀರೂ ಕೂಡದು ಎಂದು ಪಟ್ಟು ಹಿಡಿದಳು. ಎರಡು ತಿಂಗಳು ಮನೆಯಲ್ಲಿ ಇದೇ ಪಂಚಾಯ್ತಿ. ಕೊನೆಗೆ ಮೃತ್ಯುಂಜಯ, ಮಗುವಿನ ಅಪ್ಪ, ಬೆರಳು ಮಡಚಿ ಎಣಿಸಿ, ಆರು ತುಂಬಿತು ಅಂದ್ರೆ ಏಳು ನಡೀತೈತೆ ಅಂತಲೇ ಅಲ್ವೇ ಎಂದ. ಇಬ್ಬರೂ ಗೆದ್ದರು. ಮನೆ ತಣ್ಣಗಾಯಿತು.

ಸುಲೋಚನಮ್ಮ ಅಂದೇ ರಾಗಿ ನೆನೆಹಾಕಿದರು. ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಹದವಾಗಿ ಹುರಿದರು. ಗಿರಣಿಗೆ ಕೊಟ್ಟರೆ ಹಿಂದಿನವರು ಬೀಸಿಸಿದ ಮೆಣಸಿನಕಾಯಿಯ ಘಾಟು ಸೇರುತ್ತದೆಂದು ಹಳೆಯ ಬೀಸುವ ಕಲ್ಲನ್ನು ತೊಳೆದು ತಾವೇ ಬೀಸಿದರು. ಹಿಟ್ಟನ್ನು ಮೆತ್ತನೆಯ ಪಂಚೆಯಲ್ಲಿ ಎರಡು ಸಲ ಸೋಸಿದರು. ಆ ಮನೆಯಲ್ಲಿ ಮಗುವಿಗೆ ಮೊದಲ ತುತ್ತು ಹಾಕುವುದು ಹಿರಿಯ ಹೆಂಗಸು. ಅದನ್ನು ಯಾರೂ ಕೇಳಿದ್ದಿಲ್ಲ, ಯಾರೂ ಹೇಳಿದ್ದೂ ಇಲ್ಲ.

“ನಾಳಿಕ್ಕೆ ಏನು ನೆಪ ಹೇಳ್ತೀಯ?” ಎಂದು ಸುಲೋಚನಮ್ಮ ಕೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ. “ಸೋಮವಾರ ನಿನ್ ರಜ ಮುಗೀತೈತೆ. ಆಮೇಲೆ ಹಗಲೆಲ್ಲ ಅದು ಏನು ತಿನ್ನಬೇಕು, ನನ್ ತಲೆನಾ?”

ಮಾನಸಾ ಮಗುವಿನ ತೊಡೆಯ ಮಡಿಕೆಯನ್ನು ಸವರುತ್ತಾ ನಿಂತಳು. “ಇಷ್ಟು ದಿನ ಇವಳ ಮೈಯಲ್ಲಿರೋದೆಲ್ಲ ನನ್ನದೇ ಅತ್ತೆ. ಈ ಕೆನ್ನೆ, ಈ ತೊಡೆ, ಎಲ್ಲಾ. ಅದು ಇವತ್ತಿಗೆ ಮುಗಿದೋಗ್ತೈತಲ್ಲ ಅಂತ.” ಅವಳು ಮಗುವನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡಳು. “ಅಂಗನವಾಡೀಲಿ ಎಷ್ಟೋ ಮಕ್ಕಳಿಗೆ ನಾನೇ ಮೊದಲ ಚಮಚ ಹಾಕಿದೀನಿ. ಪಕ್ಕದಲ್ಲಿ ನಿಂತಿರ್ತಿದ್ದ ಅವ್ರ ತಾಯಂದಿರ ಮುಖ ಒಂದಿನಾನೂ ನೋಡ್ಲಿಲ್ಲ.”

ಸುಲೋಚನಮ್ಮ ಗೋಡೆಗೆ ಒರಗಿ ಕೂತು, ಮಗುವಿಗೆ ಕೈ ಚಾಚಿದರು. ಈ ಸಲ ಸೊಸೆ ಕೊಟ್ಟಳು. ಅತ್ತೆ ಮಗುವಿನ ಹಣೆಗೆ ವಿಭೂತಿ ಇಟ್ಟು, ಅದನ್ನು ಮಡಿಲಲ್ಲಿ ಕೂರಿಸಿಕೊಂಡು, ಚಮಚದ ತುದಿಯಲ್ಲಿ ಒಂದಿಷ್ಟು ಸರಿ ತೆಗೆದು ಊದಿದರು. ಮಗು ಗುಬ್ಬಿಮರಿಯಂತೆ ಬಾಯಿ ತೆರೆಯಿತು. ಆದರೆ ಅಜ್ಜಿಯ ಕಣ್ಣು ಮಗುವಿನ ಬಾಯಿಯ ಮೇಲಿರಲಿಲ್ಲ. ಅವರು ಸೊಸೆಯನ್ನು ನೋಡಿದರು. ಕೆಳತುಟಿ ಕಚ್ಚಿ ಹಿಡಿದು, ಅವಳು ಚಮಚವನ್ನೇ ನೋಡುತ್ತಿದ್ದಳು. ಸುಲೋಚನಮ್ಮನ ಕೈ ಅಲ್ಲೇ ನಿಂತಿತು.

“ತಗೊ, ನೀನೇ ಹಾಕು.”

“ಪದ್ಧತಿ ಪ್ರಕಾರ ನೀವಲ್ವಾ ಅತ್ತೆ...”

“ಪದ್ಧತಿ ನಡಿಸೋಳು ನಾನು ತಾನೆ? ಹಾಕವ್ವ, ಆರೋಗ್ತೈತೆ.”

ಮಾನಸಾ ಹಾಕಿದಳು. ಮಗು ಮುಖ ಕಿವುಚಿತು. ಅರ್ಧ ಉಗುಳಿ ಗಲ್ಲಕ್ಕೆಲ್ಲ ಬಳಿದುಕೊಂಡಿತು. ಉಳಿದರ್ಧವನ್ನು ನಾಲಿಗೆಯಲ್ಲಿ ಆಡಿಸಿ, ತುಸು ಯೋಚಿಸಿದಂತೆ ಮಾಡಿ, ನುಂಗಿತು. ಆಮೇಲೆ ಎರಡೂ ಕೈಯಲ್ಲಿ ಚಮಚವನ್ನು ಹಿಡಿದು ಬಾಯಿಗೆ ಎಳೆದುಕೊಂಡಿತು. ಮಾನಸಾ ನಗುತ್ತಿದ್ದಳು, ಅಳುತ್ತಲೂ ಇದ್ದಳು. ಅವಳಿಗೆ ನಿಜವಾಗಿಯೂ ಸಂತೋಷವಾಗಿತ್ತು. ಮೂರನೆಯ ಚಮಚಕ್ಕೆ ಅವಳೊಳಗಿನ ಟೀಚರ್ ಎದ್ದು ಕೂತಳು. “ಸಾಕು. ಮೊದಲ ದಿನ ಇಷ್ಟೇ” ಎಂದು ಮಗುವನ್ನು ಎದೆಗೆ ಹಾಕಿಕೊಂಡಳು.

ಎಸ್ಟೇಟಿನಲ್ಲಿ ರೈಟರ್ ಆಗಿದ್ದ ಮೃತ್ಯುಂಜಯ ಆಳುಗಳ ಹಾಜರಿಗೆ ಹೊರಟವನು, ಬೂಟು ಹಾಕಿಕೊಂಡೇ ಹೊಸ್ತಿಲಾಚೆ ನಿಂತು ಮೊಬೈಲಿನಲ್ಲಿ ಫೋಟೋ ಹೊಡೆಯುತ್ತಿದ್ದ. ಸುಲೋಚನಮ್ಮ ಬಟ್ಟಲಲ್ಲಿ ಉಳಿದಿದ್ದನ್ನು ಚಮಚದಲ್ಲಿ ಬಳಿದು ತೆಗೆದು, ಎದ್ದು ಅವನ ಹತ್ತಿರ ಹೋದರು.

“ಬಾಯಿ ತೆಗಿ.”

“ನಂಗ್ಯಾಕವ್ವ? ಈಗಷ್ಟೇ ಮೂರು ರೊಟ್ಟಿ ತಿಂದಿದೀನಿ.”

“ತೆಗಿ ಅಂದ್ರೆ ತೆಗಿಯೋ. ನಿನ್ಗೆ ಮೊದಲ್ನೇ ದಿನ ಸರಿ ತಿನ್ನಿಸುವಾಗ ನಮ್ಮತ್ತೆ ನನ್ನ ನಾಟಿಗೆ ಕಳಿಸ್ಬುಟ್ಟಿದ್ರು. ನಾನು ಗದ್ದೆಯಿಂದ ಬರೋ ಹೊತ್ಗೆ ನಿನ್ ಬಾಯಿ ಒರ್ಸ್‌ಬುಟ್ಟಿದ್ರು.”

ಮೂವತ್ನಾಲ್ಕು ವರ್ಷದ ರೈಟರ್ ಹೊಸ್ತಿಲಿನತ್ತ ಬಗ್ಗಿ, ಮೀಸೆಯನ್ನು ಒಂದು ಕೈಯಲ್ಲಿ ಮೇಲೆತ್ತಿ ಹಿಡಿದು, ಬಾಯಿ ತೆರೆದ.