ಚಲೋ ಡಬ್ಬಿ

"ಬಾಡಿಗಿಯವರು ಹತ್ತು ಗಂಟೆಕ್ಕ ಬರ್ತಾರ. ಅಷ್ಟರಾಗ ಈ ಕೋಣಿ ಖಾಲಿ ಆಗಲಿಲ್ಲಂದ್ರ ಎಲ್ಲಾ ಗುಜರಿ ಗಾಡಿಗೆ ಹಾಕ್ತೀನಿ ನೋಡು!"

ಮಾನ್ವಿ ಪಟ್ಟಣದ ತನ್ನ ಮನೆಯ ಮುಂಗೋಣೆಯ ಬಾಗಿಲಲ್ಲಿ ನಿಂತು ಗಡಿಗೆಪ್ಪ ಗುಡುಗಿದ. ಒಳಗೆ ಅವನ ಹೆಂಡತಿ ನೀಲಗಂಗಮ್ಮ ಬಿಚ್ಚದ ಕುಕ್ಕರು, ಮೂರು ಇಸ್ತ್ರಿ ಪೆಟ್ಟಿಗೆ, ಸುತ್ತಿಟ್ಟ ಜಮಖಾನೆಗಳ ನಡುವೆ ಕಾಲಿಡಲು ಜಾಗ ಹುಡುಕುತ್ತಿದ್ದಳು. ಒಂದಕ್ಕೊಂದು ಫ್ರೀ ಎಂಬ ಬೋರ್ಡು ಕಂಡರೆ ಸಾಕು, ಈ ಮಹಾತಾಯಿಯ ಕೈ ತಡೆಯುತ್ತಿರಲಿಲ್ಲ. ತಂದದ್ದನ್ನು ತಾನೂ ಬಳಸಳು, ಇನ್ನೊಬ್ಬರಿಗೂ ಕೊಡಳು. ಯಾಕೆ ತಂದೆ, ಯಾಕೆ ಇಟ್ಟುಕೊಂಡೆ ಎಂದು ಕೇಳಿದರೆ ಇಪ್ಪತ್ತು ವರ್ಷದಿಂದ ಒಂದೇ ಉತ್ತರ: "ಚಲೋ ಅದ ಅಲ್ರೀ. ಬಿಡಾಕ ಮನಸ್ಸು ಬರಲಿಲ್ಲ."

"ಎಲ್ಲಾ ಇರ್ಲಿ, ಆ ಡಬ್ಬಿ ಚೀಲ ಮೊದಲ ಹೊರಗ ಹಾಕು. ಮುರಿದ ಮದುವಿ ಸಾಮಾನು, ಅದನ್ನ ಯಾರ ಮದುವ್ಯಾಗ ಆಯೇರಿ ಅಂತ ಕೊಡ್ತೀ ಬೇ?"

ನೀಲಗಂಗಮ್ಮ ಚೀಲವನ್ನು ಇನ್ನಷ್ಟು ಮೂಲೆಗೆ ಒತ್ತಿದಳು. ಹೋದ ವರ್ಷ ರಾಯಚೂರಿನ ಪಾತ್ರೆ ಅಂಗಡಿಯಲ್ಲಿ ಅರ್ಧ ಬೆಲೆಗೆ ಸಿಕ್ಕಿದ್ದವು, ಐವತ್ತು ಸ್ಟೀಲಿನ ಊಟದ ಡಬ್ಬಿಗಳು. ಮದುವೆಗೆ ಬಂದವರಿಗೆ ಹಂಚಲೆಂದು ಹೆಣ್ಣಿನ ಕಡೆಯವರು ಮಾಡಿಸಿದ್ದರಂತೆ. ಮದುವೆ ನಿಂತಿತು, ಡಬ್ಬಿಗಳು ವಾಪಸು ಬಂದವು. ಪ್ರತಿ ಮುಚ್ಚಳದ ಮೇಲೂ ಕೊರೆದಿತ್ತು: 'ಚಿ.ಸೌ. ನೇತ್ರಾವತಿ, ಚಿ. ಸಿದ್ರಾಮ ಇವರ ಮದುವೆಯ ಸವಿನೆನಪಿಗೆ. ಗಬ್ಬೂರು.' ಹೆಸರು ಕೆರೆದು ತೆಗೆಯೋಣವೆಂದು ನೀಲಗಂಗಮ್ಮ ಒಮ್ಮೆ ಮೊಳೆ ಹಿಡಿದು ಕೂತಿದ್ದಳು. ಯಾವ ತಾಯಿ ಇಟ್ಟ ಹೆಸರೋ ಏನೋ ಎನಿಸಿ ಕೈ ಬರಲಿಲ್ಲ.

ಅಷ್ಟರಲ್ಲಿ ಹೊರಗೆ ಆಟೋ ನಿಂತಿತು. ಒಂದು ಟ್ರಂಕು, ಹೆಗಲಿಗೊಂದು ಚೀಲ ಹೊತ್ತ ಹುಡುಗಿ ಇಳಿದಳು.

"ನಮಸ್ಕಾರ್ರೀ. ಬಾಡಿಗಿಗೆ ಅಂತ ಫೋನ್ ಮಾಡಿದ್ನೆಲ್ರೀ. ಸರ್ಕಾರಿ ದವಾಖಾನ್ಯಾಗ ನರ್ಸ್. ನೇತ್ರಾವತಿ ಅಂತ."

"ಯಾವೂರವ್ವಾ ನಿಂದು?"

"ಗಬ್ಬೂರ್ರೀ."

ನೀಲಗಂಗಮ್ಮ ತಿರುಗಿ ಡಬ್ಬಿಯ ಚೀಲ ನೋಡಿದಳು. ಗಬ್ಬೂರಿನಲ್ಲಿ ಹತ್ತು ಮಂದಿ ನೇತ್ರಾವತಿಯರಿರಬಹುದು. ಕೊರಳು ನೋಡಿದಳು, ತಾಳಿಯಿಲ್ಲ. ಒಳಗೆ ಕರೆಯಲೋ, ಏನಾದರೂ ನೆವ ಹೇಳಿ ಸಾಗಹಾಕಲೋ ತಿಳಿಯದೆ ಹೊಸ್ತಿಲಲ್ಲೇ ನಿಂತಳು. ಈ ಕೂಸು ತನ್ನ ಹೆಸರನ್ನು ಹೀಗೆ ಕಂಡು ಅತ್ತರೆ ಗತಿಯೇನು? ಒಬ್ಬರ ಮನೆ ಮಗಳ ದುಃಖವನ್ನು ತಾನು ಅರ್ಧ ಬೆಲೆಗೆ ಹೊತ್ತು ತಂದೆನಲ್ಲ ಎಂದು ಅವಳಿಗೆ ನಾಚಿಕೆಯಾಯಿತು.

"ಕಟ್ಟಿ ಮ್ಯಾಲ ಕೂಡವ್ವಾ, ಚಾ ತರ್ತೀನಿ," ಎಂದವಳೇ ಒಳಗೆ ಓಡಿ ಡಬ್ಬಿಯ ಚೀಲವನ್ನು ಹಿತ್ತಲ ಕಡೆ ಎಳೆದಳು. ಏನೂ ತಿಳಿಯದ ಗಡಿಗೆಪ್ಪ ಅದನ್ನು ಬೀದಿ ಕಡೆ ಎಳೆದ. ಚೀಲ ಹರಿಯಿತು. ಡಬ್ಬಿಗಳು ಖಣಖಣ ಉರುಳಿದವು, ಒಂದು ಮುಚ್ಚಳ ಹುಡುಗಿಯ ಕಾಲ ಹತ್ತಿರವೇ ಹೋಗಿ ಬಿತ್ತು. ಅವಳು ಎತ್ತಿಕೊಂಡು ಓದಿದಳು. ಬಹಳ ಹೊತ್ತು ಓದಿದಳು.

"ಅರ್ಧಾ ರೇಟಿಗೆ ಸಿಕ್ವು ಅಂತ ತಂದ್ನೆವ್ವಾ, ನನ್ ಬುದ್ಧಿಗಿಷ್ಟು ಬೆಂಕಿ ಹಚ್ಚಲಿ," ನೀಲಗಂಗಮ್ಮ ಡಬ್ಬಿಗಳನ್ನು ಬಾಚತೊಡಗಿದಳು. "ಏನ್ ಮಾಡಲಿ ನೀನ ಹೇಳು. ಕರಗಸಾಕ ಕೊಡಲೇನು?"

ಹುಡುಗಿ ನೆಲದ ತುಂಬ ಬಿದ್ದ ಡಬ್ಬಿಗಳ ಕಡೆ ಕಣ್ಣಾಡಿಸಿದಳು. "ಎಷ್ಟದಾವ್ರೀ?" ಎಂದಳು.

"ಐವತ್ತು. ಐವತ್ತೊಂದು ಮಾಡಿದ್ವಿ, ಒಂದು ವಾಪಸ್ ಬರಲೇ ಇಲ್ಲ ಅಂತ ಅಂಗಡ್ಯಾಂವ ಅಂದ."

ನೇತ್ರಾವತಿ ಹೆಗಲ ಚೀಲದಿಂದ ತನ್ನ ರೊಟ್ಟಿ ಡಬ್ಬಿ ತೆಗೆದು ಕಟ್ಟೆಯ ಮೇಲಿಟ್ಟಳು. ದಿನಾ ಬಳಸಿ ಅದರ ಹೊಳಪು ಹೋಗಿತ್ತು, ಒಂದು ಬದಿ ತಗ್ಗಾಗಿತ್ತು. ಮುಚ್ಚಳದ ಮೇಲಿನ ಎರಡೂ ಹೆಸರುಗಳು ಮಾತ್ರ ಹಾಗೆಯೇ ಇದ್ದವು. ಒಂದು ಗೀರೂ ಬಿದ್ದಿರಲಿಲ್ಲ.

"ಇದನ್ನ ಯಾಕ ಇಟ್ಕೊಂಡೀ ಯವ್ವಾ?" ಕೇಳಿಯೇಬಿಟ್ಟಳು ನೀಲಗಂಗಮ್ಮ.

ಹುಡುಗಿ ಸೆರಗಿನಿಂದ ಮುಚ್ಚಳ ಒರೆಸಿದಳು.

"ಚಲೋ ಡಬ್ಬಿ ಅದ ಅಲ್ರೀ," ಎಂದಳು. "ಬಿಡಾಕ ಮನಸ್ಸು ಬರಲಿಲ್ಲ."