ಆತ್ಮಸಾಕ್ಷಿ ಮತ್ತು ಪೇಡ

ದೇವರಾಣೆ, ಇದರಲ್ಲಿ ಒಂದಕ್ಷರವೂ ಸುಳ್ಳಲ್ಲ. ನರ್ಸಿಂಗ್ ಕಾಲೇಜಿನಲ್ಲಿ ನೀತಿಪಾಠ ಮಾಡುವ ಮೇಷ್ಟ್ರು ಸಕ್ಕರೆ ಕಾಯಿಲೆ ಏರಿ, ವಿದ್ಯಾರ್ಥಿನಿಯರು ಡ್ಯೂಟಿ ಮಾಡುವ ವಾರ್ಡಿಗೇ ಬಂದು ಮಲಗಿದರು. ಅವರು ಬಚ್ಚಿಟ್ಟಿದ್ದ ಪೇಡದ ಡಬ್ಬಿ ಅವರದೇ ವಿದ್ಯಾರ್ಥಿನಿ ಜಸಿಂತಾಳ ಕೈಗೆ ಸಿಕ್ಕಿತು. ಅವಳ ಪಾಸು ನಪಾಸು ಇನ್ನೂ ಮೇಷ್ಟ್ರ ಕೈಯಲ್ಲಿತ್ತು. ಆದರೂ ಡಬ್ಬಿ ಕೊಡುವುದಿಲ್ಲ ಎಂದಳು.

"ಯಾಕಮ್ಮ?" ಎಂದರು ಮೇಷ್ಟ್ರು.

"ಹೆಡ್ ಸಿಸ್ಟರ್ ಬೈತಾರೆ ಸಾರ್."

"ಬೈಗುಳಕ್ಕೆ ಹೆದರೋದು ಎಳೆ ಮಕ್ಕಳ ನೀತಿ."

"ರೂಲ್ಸ್ ಇದೆ ಸಾರ್."

"ಅದು ಹೈಸ್ಕೂಲ್ ಹುಡುಗ್ರ ನೀತಿ. ಬೆಳೆದವರು ಆತ್ಮಸಾಕ್ಷಿ ಮಾತು ಕೇಳ್ತಾರೆ. ನಿನ್ನ ಆತ್ಮಸಾಕ್ಷಿ ಏನನ್ನತ್ತೆ, ಕೇಳಿ ಹೇಳು."

ಜಸಿಂತಾ ಕಣ್ಣು ಮುಚ್ಚಿ ಕೇಳಿಸಿಕೊಂಡಳು.

"ನಿಮ್ಮನೆ ಮೇಡಂಗೆ ಫೋನ್ ಮಾಡು ಅಂತಿದೆ ಸಾರ್."

ಮೇಷ್ಟ್ರು ದಿಂಬಿನಡಿಯಿಂದ ಇನ್ನೊಂದು ಡಬ್ಬಿಯನ್ನು ತಾವೇ ತೆಗೆದುಕೊಟ್ಟರು.