ಹಗ್ಗವಿಲ್ಲದ ಮೂರನೆಯ ಆಟ

ಒಂದೇ ಟೀವಿಯ ಮುಂದೆ ಇಬ್ಬರು ಕೂತು ಈ ಆಟ ಆಡುವಂತಿಲ್ಲ ಎಂದು ಪರದೆ ಹೇಳಿತು. ಮೃತ್ಯುಂಜಯ ಅದನ್ನು ಮತ್ತೊಮ್ಮೆ ಓದಿ, ಕೈಯಲ್ಲಿದ್ದ ಕಂಟ್ರೋಲರನ್ನು ಸೋಫಾದ ಮೇಲೆ ಒಗೆದ.

"ಯಾವ ಹುಚ್ಚ ಮಾಡ್ಯಾನಲೇ ಬಸ್ಯಾ ಇದನ್ನ?"

ತಮ್ಮ ಬಸವಕಿರಣ್‌ಗೂ ಅದೇ ಕೇಳಬೇಕಿತ್ತು. ಈ ಆಟದ ಮೊದಲ ಎರಡು ಭಾಗಗಳಲ್ಲಿ ಎರಡು ಆಡಿನ ಮರಿಗಳು, ಅವುಗಳ ನಡುವೆ ಒಂದು ಹಗ್ಗ. ಹಾರುತ್ತ, ಜಿಗಿಯುತ್ತ ಬೆಟ್ಟ ಹತ್ತಬೇಕು. ಒಂದು ಮರಿ ಜಾರಿದರೆ ಇನ್ನೊಂದು ಕಾಲೂರಿ ನಿಂತು ಹಗ್ಗ ಹಿಡಿದು ಮೇಲೆಳೆಯಬೇಕು. ಒಬ್ಬನನ್ನು ಬಿಟ್ಟು ಇನ್ನೊಬ್ಬ ಮುಂದೆ ಹೋಗುವ ಮಾತೇ ಇರಲಿಲ್ಲ. ವರ್ಷಗಟ್ಟಲೆ ಕಾಯಿಸಿ ಕೊಟ್ಟ ಈ ಮೂರನೆಯ ಭಾಗದಲ್ಲಿ ಆ ಹಗ್ಗವನ್ನೇ ತೆಗೆದುಹಾಕಿದ್ದರು. ಜೊತೆಗಾರನಿಂದ ತಾವು ಹಿಂದೆ ಬೀಳುತ್ತೇವೆ ಎಂದು ಕೆಲವರು ದೂರಿದ್ದರಂತೆ. ಈಗ ಅವರವರು ಅವರವರ ಮನೆಯಲ್ಲಿ ಕೂತು ಇಂಟರ್ನೆಟ್ಟಿನಲ್ಲಿ ಸೇರಬೇಕು. ಜೊತೆಗಾರ ಬಿದ್ದರೆ ಬೀಳಲಿ, ತಾನು ಮುಂದೆ ಹೋಗಬಹುದು. ಇಂಥದ್ದಕ್ಕೆ ಜೋಡಿ ಆಟ ಎಂದು ಹೆಸರಿಟ್ಟವರ ತಲೆಯಲ್ಲಿ ಏನಿತ್ತೋ.

ಆದರೆ ಬಸವಕಿರಣ್‌ನ ಸಿಟ್ಟಿನ ಕೆಳಗೆ ಹೆದರಿಕೆಯೂ ಇತ್ತು. ಗದಗಿನಲ್ಲಿ ಅವ್ವ ತೀರಿಕೊಂಡಾಗ ಈ ಪರದೇಶದಿಂದ ಅಣ್ಣ ಹೋಗಿದ್ದ, ಇವನು ಹೋಗಿರಲಿಲ್ಲ. ಅಂದಿನಿಂದ ಅಣ್ಣತಮ್ಮಂದಿರ ನಡುವೆ ಮಾತಿಲ್ಲ. ಹಬ್ಬಕ್ಕೆ ಕರೆಯುವುದು, ಮಕ್ಕಳ ಜ್ವರ ಕೇಳುವುದು ಎಲ್ಲ ಹೆಂಡಂದಿರ ಫೋನಿನಲ್ಲೇ. ಉಳಿದದ್ದು ಈ ಆಟ ಮಾತ್ರ. ತಿಂಗಳಿಗೆರಡು ಶನಿವಾರ ಮೃತ್ಯುಂಜಯ ತಾನಿರುವ ಹಿಲ್ಸ್‌ಬರೋದಿಂದ ತಮ್ಮನಿರುವ ಮಾನ್ಮತ್ ಜಂಕ್ಷನ್‌ಗೆ ಬರುತ್ತಿದ್ದ. ಬರುವಾಗ ಮಂಡಕ್ಕಿ ಗಿರ್ಮಿಟ್ಟಿನ ಡಬ್ಬಿ ಇರುತ್ತಿತ್ತು, ಮಾತು ಇರುತ್ತಿರಲಿಲ್ಲ. ಕಂಟ್ರೋಲರ್ ಕೈಗೆ ಬಂದರೆ ಮಾತ್ರ ನಿಂದ್ರಲೇ, ಹಾರಲೇ, ಹಿಡೀಲೇ ನನ್ನ ಎಂದು ಇಬ್ಬರೂ ಮನೆ ಹಾರಿಹೋಗುವಂತೆ ಕೂಗಾಡುತ್ತಿದ್ದರು. ಆಟ ಹೋದರೆ ಅಣ್ಣನೂ ಹೋದಂತೆಯೇ ಎಂಬುದು ಬಸವಕಿರಣ್‌ಗೆ ಗೊತ್ತಿತ್ತು.

ಅಡುಗೆಮನೆಯಿಂದ ಚಹಾ ತಂದ ಅವನ ಹೆಂಡತಿ ಸಿರಿ ಪರದೆಯನ್ನು ನೋಡಿದಳು. ಮೈಸೂರಿನವಳು, ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು.

"ಒಳ್ಳೇದೇ ಆಯ್ತಲ್ಲ ಭಾವ. ಇನ್ಮೇಲೆ ನೀವು ಅಷ್ಟು ದೂರ ಡ್ರೈವ್ ಮಾಡ್ಕೊಂಡು ಬರೋದೇ ಬೇಡ. ಮನೇಲೇ ಕೂತು ಆಡ್ಬಹುದು."

ಮೃತ್ಯುಂಜಯ ಚಹಾ ಮುಟ್ಟಲಿಲ್ಲ. ಟೀಪಾಯಿಯ ಮೇಲಿದ್ದ ಕಾರಿನ ಕೀಲಿ ತೆಗೆದುಕೊಂಡು ಎದ್ದು ನಿಂತ.

ಬಸವಕಿರಣ್‌ಗೆ ಹೆಂಡತಿಯ ಮೇಲೆ, ಆಟ ಮಾಡಿದವರ ಮೇಲೆ, ಎದ್ದು ನಿಂತ ಅಣ್ಣನ ಮೇಲೆ ಒಟ್ಟಿಗೇ ರೇಗಿತು. ಹೊಸ ಡಿಸ್ಕನ್ನು ಹೊರಗೆಳೆದು ಸೋಫಾದ ಹಿಂದೆ ಬಿಸಾಡಿದ. ಹಳೆಯದನ್ನು ಹಾಕಿ, ಒಂದು ಕಂಟ್ರೋಲರನ್ನು ಅಣ್ಣನ ಮುಂದೆ ಹಿಡಿದ. ಮೃತ್ಯುಂಜಯ ಒಲ್ಲದ ಮನಸ್ಸಿನಿಂದ ಸೋಫಾದ ತುದಿಯಲ್ಲಿ ಕೂತ. ಕೀಲಿ ಕೈಯಲ್ಲೇ ಇತ್ತು.

ಸಿಟ್ಟಿನಲ್ಲಿ ಆಡಿದರೆ ಆಗುವುದೇ ಆಯಿತು. ಮೊದಲ ಕಮರಿಯಲ್ಲೇ ಅಣ್ಣನ ಮರಿ ಕಾಲು ತಪ್ಪಿ ಕೆಳಗೆ ಹೋಯಿತು. ತಮ್ಮನ ಮರಿ ಕಾಲೂರಿ ನಿಂತಿತು. ನಡುವೆ ಹಗ್ಗ ಬಿಗಿಯಾಯಿತು.

"ಎಳೀಲೇ" ಎಂದ ಮೃತ್ಯುಂಜಯ.

ಹಗ್ಗ ಹಿಡಿಯುವುದಕ್ಕೆ ಒಂದು ಗುಂಡಿ, ಎಳೆಯುವುದಕ್ಕೆ ಇನ್ನೊಂದು. ಬಸವಕಿರಣ್ ಹಿಡಿಯುವ ಗುಂಡಿಯನ್ನು ಮಾತ್ರ ಒತ್ತಿ ಕೂತಿದ್ದ. ಇಷ್ಟು ದಿನ ಕೇಳದೇ ಉಳಿದಿದ್ದ ಮಾತು ಆಗ ಹೊರಬಂತು.

"ಅವತ್ತ ನಾ ವಿಡಿಯೋ ಕಾಲ್ ಮಾಡಿದಾಗ ಯಾಕ ಕಟ್ ಮಾಡಿದಿ, ಅಣ್ಣಾ?"

"ಮೊದಲ ಎಳಿ."

"ಹೇಳು. ಎಳೀತೀನಿ."

ಅವತ್ತು ಎಂದರೆ ಅವ್ವನನ್ನು ಮಣ್ಣಿಗೆ ಕೊಟ್ಟ ದಿನ. ಬಸವಕಿರಣ್‌ನ ವೀಸಾ ಕಾಗದ ಇನ್ನೂ ಮಂಜೂರಾಗದೆ ಇಲ್ಲಿನ ಸರಕಾರದ ಬಳಿ ಇತ್ತು. ದೇಶದ ಹೊರಗೆ ಕಾಲಿಟ್ಟರೆ ತಿರುಗಿ ಬರುವ ಭರವಸೆ ಇರಲಿಲ್ಲ, ಸಿರಿಗೆ ಆಗ ತುಂಬು ತಿಂಗಳು. ಅವ್ವನ ಮುಖವನ್ನಾದರೂ ನೋಡೋಣ ಎಂದು ಅವನು ಇದೇ ಸೋಫಾದ ಮೇಲೆ ಕೂತು ಅಣ್ಣನಿಗೆ ಕಾಲ್ ಮಾಡಿದ್ದ. ರಿಂಗಾಯಿತು, ಕಟ್ಟಾಯಿತು. ಮತ್ತೆ ಮಾಡಿದ, ಮತ್ತೆ ಕಟ್ಟಾಯಿತು. ಅಣ್ಣ ಆಮೇಲೆ ಫೋನನ್ನೇ ಆರಿಸಿಬಿಟ್ಟ. ಅವ್ವನ ಮೇಲೆ ಮಣ್ಣು ಬಿದ್ದದ್ದು ಇವನಿಗೆ ತಿಳಿದದ್ದು ಯಾರೋ ನೆಂಟರ ಮೆಸೇಜಿನಿಂದ.

ಮೃತ್ಯುಂಜಯ ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ಅದು ಅವ್ವನ ಮಣ್ಣ ಇತ್ತು. ಮನ್ಯಾಗ ಕುಂತು ನೋಡಾಕ ಆಟ ಅಲ್ಲ."

"ನಾ ಬಂದಿದ್ದರ ತಿರುಗಿ ಬರಾಕ ಆಗತಿದ್ದಿಲ್ಲ. ಅದು ನಿನಗ ಗೊತ್ತಿತ್ತು."

"ಗೊತ್ತಿತ್ತು."

"ಗೊತ್ತಿದ್ದೂ ಕಟ್ ಮಾಡಿದಿ."

ಅಡುಗೆಮನೆಯಲ್ಲಿ ಸಿರಿ ನಲ್ಲಿ ನಿಲ್ಲಿಸಿದಳು. ಮೃತ್ಯುಂಜಯ ಕಾರಿನ ಕೀಲಿಯನ್ನು ತೊಡೆಯ ಮೇಲಿಟ್ಟು, ಎರಡೂ ಕೈಯಿಂದ ತನ್ನ ಗುಂಡಿಗಳನ್ನು ಬಡಬಡನೆ ಒತ್ತತೊಡಗಿದ. ಕಮರಿಯಲ್ಲಿ ಜೋತಾಡುತ್ತಿದ್ದ ಮರಿ ಗಾಳಿಯಲ್ಲಿ ಕಾಲು ಬಡಿಯಿತೇ ಹೊರತು ಒಂದು ಇಂಚೂ ಮೇಲೆ ಬರಲಿಲ್ಲ. ಈ ಆಟದಲ್ಲಿ ಬಿದ್ದವನು ತಾನಾಗಿ ಏಳಲಾರ ಎಂಬುದು ಅವನಿಗೂ ಗೊತ್ತಿತ್ತು.

"ಬಸ್ಯಾ, ಎಳಿ."

ಒತ್ತಿ ಒತ್ತಿ ಬಸವಕಿರಣ್‌ನ ಹೆಬ್ಬೆರಳು ಬೆಳ್ಳಗಾಗಿತ್ತು. ಅವನು ಹಗ್ಗ ಬಿಡಲಿಲ್ಲ. ಎಳೆಯಲೂ ಇಲ್ಲ.